ಹಳೇ ಚಾರ್ಜರಿನ ವೈರ್ ಮೊದಲು ಕತ್ತರಿಸ್ರಿ

ಈ ತಿಂಗಳ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ಮಷಿನ್ ಚಲೋ ಇದೆ, ಬ್ಯಾಟರಿ ಸತ್ತಿದೆ. ಹುಬ್ಬಳ್ಳಿ ಗೋಕುಲ ರೋಡಿನ ನನ್ನ ರಿಪೇರಿ ಅಂಗಡಿಯ ಅಟ್ಟದ ಮೇಲೂ ಅಂಥ ಇಪ್ಪತ್ತು-ಮೂವತ್ತು ಡ್ರಿಲ್ ಕೂತಿವೆ. ಮೋಟಾರ್ ಜೀವಂತ ಇದ್ದದ್ದನ್ನು ಗುಜರಿಗೆ ಹಾಕಲು ನನಗೆ ಕೈ ಬರೂದಿಲ್ಲ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅವಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಕಾಕಾ, ನಮ್ಮದು ತೊಟ್ಟಿಲು ಮಾಡುವ ಮನೆ. ಹನ್ನೆರಡು ವರ್ಷದ ಹಿಂದೆ ತಗೊಂಡ 18 ವೋಲ್ಟಿನ ಚಾರ್ಜಿಂಗ್ ಡ್ರಿಲ್ ಇದೆ. ಎರಡೂ ಬ್ಯಾಟರಿ ಸತ್ತಿವೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ನಾಲ್ಕು ಸ್ಕ್ರೂ ಹೊಡೆಯುವಷ್ಟರಲ್ಲಿ ನಿಲ್ತದೆ. ‘ಆ ಬ್ಯಾಟರಿ ಈಗ ಬರಂಗಿಲ್ಲ, ಹೊಸಾದು ತಗೋರಿ’ ಅಂತಾರೆ ಅಂಗಡಿಯವರು. ಕೈಗೆ ಹೊಂದಿದ ಮಷಿನ್, ಬಿಡಲು ಮನಸ್ಸಿಲ್ಲ. ಇದಕ್ಕೆ ಲಿಥಿಯಂ ಹಾಕಬಹುದೇ?
— ಬಡಿಗ ಕೆಲಸದವರು, ಕಲಘಟಗಿ

ಉತ್ತರ: ಹಾಕಬಹುದು. ಬ್ಯಾಟರಿಗೆ ಕೈ ಹಚ್ಚುವ ಮೊದಲು ಮಷಿನ್ ನಿಜವಾಗಿ ಗಟ್ಟಿ ಇದೆಯೋ ನೋಡಿಕೊಳ್ರಿ. ಬಿಟ್ ಹಿಡಿಯುವ ಬಾಯಿಗೆ (ಚಕ್) ಉದ್ದನೆಯ ಬಿಟ್ ಕಟ್ಟಿ ಕೈಯಿಂದ ತಿರುಗಿಸ್ರಿ, ತುದಿ ಓಲಾಡಬಾರದು. ಆಮೇಲೆ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ, ನಡುವೆ 30 ಆಂಪಿನ ಫ್ಯೂಸ್ ಹಾಕಿ, ಪ್ಲಸ್ ಮೈನಸ್ ತಪ್ಪದಂತೆ ಎರಡು ವೈರ್ ಎಳೆದು ಓಡಿಸಿ ನೋಡ್ರಿ. 18ರ ಮಷಿನ್ 12ರ ಮೇಲೆ ನಿಧಾನ ತಿರುಗ್ತದೆ, ಆದರೆ ಗೇರಿನ ಸದ್ದು ಸರಿಯಾಗಿ ಕೇಳ್ತದೆ. ಕಟಕಟ ಅಂದರೆ ಹಲ್ಲು ಹೋಗಿದೆ. ಒಳಗೆ ಕಿಡಿ ಹೆಚ್ಚಿದ್ದರೆ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಸವೆದಿದೆ. ಕಾರ್ಬನ್ ಬದಲಿಸಿದರಾಯಿತು. ಗೇರ್ ಹೋಗಿದ್ದರೆ ಮಾತ್ರ ಆ ಮಷಿನ್ನಿಗೆ ಖರ್ಚು ಮಾಡಬ್ಯಾಡ್ರಿ.

ಈಗ ಪ್ಯಾಕಿನ ಲೆಕ್ಕ. ಸ್ಕ್ರೂ ಬಿಚ್ಚಿದರೆ ಒಳಗೆ ಗಿಡ್ಡ, ದಪ್ಪನೆಯ 15 ಸೆಲ್ ಕಾಣ್ತವೆ. ಇವು ನಿಕ್ಕಲ್-ಕ್ಯಾಡ್ಮಿಯಂ, ಒಂದೊಂದು 1.2 ವೋಲ್ಟ್. ಹದಿನೈದು ಸೇರಿ 18. ತುಂಬಿದಾಗ ಒಂದೊಂದು 1.4ರ ಹತ್ತಿರ ಹೋಗ್ತದೆ, ಅಂದರೆ ಪ್ಯಾಕ್ 21 ವೋಲ್ಟ್ ತೋರಿಸ್ತದೆ. ಲಿಥಿಯಂ ಸೆಲ್ ಒಂದಕ್ಕೆ 3.6, ತುಂಬಿದಾಗ 4.2. ಐದು ಸೆಲ್ ಸಾಲಾಗಿ ಜೋಡಿಸಿದರೆ 18, ತುಂಬಿದಾಗ ಅದೇ 21. ಮೋಟಾರಿಗೆ ವ್ಯತ್ಯಾಸವೇ ಗೊತ್ತಾಗೂದಿಲ್ಲ. 18 ವೋಲ್ಟಿನ ಹಳೇ ಮಷಿನ್ ಇದ್ದವರು ಈ ವಿಷಯದಲ್ಲಿ ಅದೃಷ್ಟವಂತರು. 14.4ರವರೂ ಅಷ್ಟೇ, ಅವರದು ನಾಲ್ಕು ಸೆಲ್ಲಿಗೆ ಸರಿಯಾಗಿ ಕೂಡ್ತದೆ. ಅಂಗಡಿಯಲ್ಲಿ ‘20 ವೋಲ್ಟ್ ಮ್ಯಾಕ್ಸ್’ ಅಂತ ಬರೆದ ಬ್ಯಾಟರಿ ಕಂಡು ಗಾಬರಿಯಾಗಬ್ಯಾಡ್ರಿ. ಅದೂ ಇದೇ ಐದು ಸೆಲ್ಲಿನದು, ತುಂಬಿದಾಗಿನ ಅಂಕಿ ಬರೆದಿದ್ದಾರೆ ಅಷ್ಟೇ.

ಬರೀ ಐದು ಸೆಲ್ ಸಾಲೂದಿಲ್ಲ. ಖಾಲಿ ತಿರುಗುವಾಗ ಡ್ರಿಲ್ ಎರಡು-ಮೂರು ಆಂಪ್ ಎಳೆದರೆ, ಸಾಗವಾನಿಯಲ್ಲಿ ದಪ್ಪ ಬಿಟ್ ಸಿಕ್ಕಿಕೊಂಡ ಕ್ಷಣಕ್ಕೆ 40 ಆಂಪ್ ದಾಟ್ತದೆ. ಅದಕ್ಕೆ ಎರಡೆರಡು ಸೆಲ್ ಜೋಡಿ ಮಾಡಿ, ಅಂಥ ಐದು ಜೋಡಿ ಸಾಲಾಗಿ ಹಾಕಬೇಕು. ಒಟ್ಟು ಹತ್ತು. 18650 ಅಂತಾರಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ್ದು, ಅದು. ಅದರಲ್ಲೂ ಒಂದೊಂದು ಸೆಲ್ 20 ಆಂಪ್ ಕೊಡುವ ತರಹದ್ದೇ ಬೇಕು. ಸ್ಯಾಮ್ಸಂಗಿನ 25ಆರ್ ಅಂಥದು, 2500 ಎಂಎಎಚ್ (ಸೆಲ್ ಎಷ್ಟು ಕರೆಂಟ್ ತುಂಬಿಟ್ಟುಕೊಳ್ತದೆ ಅನ್ನುವ ಅಳತೆ). ಹಳೇ ಕೇಸಿನಲ್ಲಿ ಹತ್ತು ಸಾಮಾನ್ಯವಾಗಿ ಕೂಡ್ತವೆ. ಒಂದೊಂದರಲ್ಲಿ ಒಳಗಿನ ಪ್ಲಾಸ್ಟಿಕ್ ಗೆಣ್ಣು ಉಳಿಯಿಂದ ಕೆತ್ತಬೇಕಾಗ್ತದೆ, ಅದು ನಿಮ್ಮ ಕೈಗೇನು ಕಷ್ಟವಲ್ಲ. ಹದಿನೈದು ಹಳೇ ಸೆಲ್ ಮುಕ್ಕಾಲು ಕಿಲೋ ತೂಗಿದರೆ, ಹೊಸ ಹತ್ತು ಅರ್ಧ ಕಿಲೋನೂ ಇರೂದಿಲ್ಲ. ಹಿಡಿಕೆಯ ಭಾರ ಸ್ವಲ್ಪ ಮುಂದೆ ಸರಿದಂತೆ ಅನ್ನಿಸ್ತದೆ. ಎರಡು ದಿನ ಕೆಲಸ ಮಾಡಿದರೆ ಕೈ ಒಗ್ಗಿಕೊಳ್ತದೆ.

ಸೆಲ್ಲಿಗೆ ನೇರವಾಗಿ ಬೆಸುಗೆ ಕಡ್ಡಿ ಹಚ್ಚಬಾರದು, ಆ ಶಾಖಕ್ಕೆ ಒಳಗೆ ಹಾಳಾಗ್ತದೆ. ನಿಕ್ಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡಿಂಗ್ ಮಾಡಿಸ್ರಿ. ನಿಕ್ಕಲ್ ಅಂತ ಹೇಳಿ ಕಬ್ಬಿಣಕ್ಕೆ ನಿಕ್ಕಲ್ ಲೇಪಿಸಿದ್ದನ್ನೂ ಮಾರ್ತಾರೆ. ಒಂದು ತುಂಡು ತಗೊಂಡು ಮೊಳೆಯಿಂದ ಗೀರಿ ಉಪ್ಪುನೀರಿನಲ್ಲಿ ಒಂದೆರಡು ದಿನ ಬಿಡ್ರಿ. ಕಬ್ಬಿಣವಾದರೆ ಗೀರಿನಲ್ಲಿ ಕೆಂಪು ತುಕ್ಕು ಹಿಡೀತದೆ.

ಇದರ ಮೇಲೆ ಬಿಎಂಎಸ್ ಬೋರ್ಡ್. ಯಾವುದೇ ಸೆಲ್ ಮಿತಿ ಮೀರಿ ತುಂಬದಂತೆ, ಮಿತಿಗಿಂತ ಕೆಳಗೆ ಇಳಿಯದಂತೆ, ಶಾರ್ಟ್ ಆದರೆ ಕಡಿದುಹೋಗುವಂತೆ ನೋಡಿಕೊಳ್ಳುವ ಬೋರ್ಡ್ ಇದು. ಸಣ್ಣ ವೈರುಗಳನ್ನು ಬೋರ್ಡಿಗೆ ಚುಚ್ಚುವ ಮೊದಲು ಮೀಟರಿನ ಕರಿ ಕಡ್ಡಿ ಪ್ಯಾಕಿನ ಮೈನಸ್ಸಿಗೆ ಹಿಡಿದು ಕೆಂಪು ಕಡ್ಡಿಯನ್ನು ಒಂದೊಂದೇ ವೈರಿಗೆ ಮುಟ್ಟಿಸುತ್ತ ಹೋಗ್ರಿ. 3.7, 7.4, 11.1, 14.8, 18.5 ಹೀಗೆ ಮೆಟ್ಟಿಲು ಹತ್ತಿದಂಗ ಬರಬೇಕು. ಒಂದು ಮೆಟ್ಟಿಲು ಹಿಂದುಮುಂದಾದರೂ ಚುಚ್ಚಬ್ಯಾಡ್ರಿ, ಬೋರ್ಡ್ ಅಲ್ಲೇ ಸುಡ್ತದೆ.

ಇನ್ನು ಚಾರ್ಜರ್. ಇದನ್ನು ದಯವಿಟ್ಟು ಎರಡು ಸಲ ಓದ್ರಿ.

ನಿಕ್ಕಲ್-ಕ್ಯಾಡ್ಮಿಯಂ ಅಂದರೆ 1899ರಲ್ಲಿ ಸ್ವೀಡನ್ನಿನ ಯುಂಗ್ನರ್ ಕಂಡುಹಿಡಿದದ್ದು. ಬಹಳ ಸಹನೆಯ ಸೆಲ್. ಪೂರ್ತಿ ಖಾಲಿ ಮಾಡಿ ಇಟ್ಟರೂ ತಾಳ್ತದೆ, ಸಣ್ಣ ಚಾರ್ಜರಿನಲ್ಲಿ ರಾತ್ರಿಯಿಡೀ ಬಿಟ್ಟರೂ ಬೆಚ್ಚಗಾಗಿ ಸುಮ್ಮನಿರ್ತದೆ. ‘ಪೂರ್ತಿ ಇಳಿಸಿ ಚಾರ್ಜ್ ಮಾಡು’, ‘ರಾತ್ರಿ ಹಾಕಿ ಮುಂಜಾನೆ ತಗಿ’ ಅನ್ನುವ ನಮ್ಮ ರೂಢಿಯೆಲ್ಲ ಆ ಸೆಲ್ ಕಲಿಸಿದ್ದು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಸೆಲ್ಲಿಗೆ ಆ ಎರಡೂ ರೂಢಿ ವಿಷ. ಹಳೇ ಚಾರ್ಜರ್ ಒಂದೇ ಸಮನೆ ಕರೆಂಟ್ ತಳ್ಳುತ್ತ ಹೋಗ್ತದೆ. ನಿಕ್ಕಲ್ ಸೆಲ್ ತುಂಬಿದಾಗ ವೋಲ್ಟೇಜ್ ಚೂರು ಕೆಳಗೆ ಬೀಳ್ತದೆ, ಇಲ್ಲವೇ ಬಿಸಿಯಾಗ್ತದೆ. ಆ ಸೂಚನೆ ಕಂಡು ಒಳ್ಳೆ ಚಾರ್ಜರ್ ನಿಲ್ತದೆ, ಅಗ್ಗದ್ದು ಅದನ್ನೂ ನೋಡೂದಿಲ್ಲ. ಲಿಥಿಯಂ ತುಂಬಿದರೆ ವೋಲ್ಟೇಜ್ ಕೆಳಗೆ ಬೀಳೂದೇ ಇಲ್ಲ, ಏರುತ್ತ ಹೋಗ್ತದೆ. ಹಳೇ ಚಾರ್ಜರ್ ಬಾರದ ಸೂಚನೆಗೆ ಕಾಯುತ್ತ ತಳ್ಳುತ್ತಲೇ ಇರ್ತದೆ.

ಆರು ವರ್ಷದ ಹಿಂದೆ ಶಿಗ್ಗಾವಿ ಕಡೆಯ ಒಬ್ಬ ಕಿಟಕಿ ಕೆಲಸದವರಿಗೆ ಇಂಥದೇ ಪ್ಯಾಕ್ ಕಟ್ಟಿಕೊಟ್ಟಿದ್ದೆ. ಬಟನ್ ಜೋರಾಗಿ ಒತ್ತಿದ ಕೂಡಲೇ ಬೋರ್ಡ್ ಕಡೀತಿತ್ತು. ಅವರು ‘ಆ ಬೋರ್ಡ್ ತಗದ್ ಬಿಡ್ರಿ, ಕೆಲಸ ನಿಲ್ಲಾಕತ್ತೈತಿ’ ಅಂದರು. ನಾನು ತೆಗೆದೆ. ಹೊಸ ಚಾರ್ಜರ್ ಕೊಟ್ಟಿದ್ದೆ, ಹಳೇದನ್ನು ಕೇಳಿ ಇಸಕೊಳ್ಳಲಿಲ್ಲ. ಒಂದು ದಿನ ಅವರ ಮಗ ರೂಢಿಯಂತೆ ಗೂಟಕ್ಕೆ ನೇತುಹಾಕಿದ್ದ ಹಳೇ ಚಾರ್ಜರಿಗೇ ಪ್ಯಾಕ್ ಚುಚ್ಚಿ ಮಲಗಿದ. ಎರಡನೇ ಝಾವಕ್ಕೆ ಪಡಸಾಲೆ ತುಂಬ ಹೊಗೆ. ನೆಲದ ಮೇಲೆ ಇಟ್ಟಿದ್ದಕ್ಕೆ, ಹತ್ತಿರ ಕಟ್ಟಿಗೆ ಸಿಪ್ಪೆ ಇಲ್ಲದ್ದಕ್ಕೆ ಎಲ್ಲರೂ ಉಳಿದರು. ಮರುದಿನ ನಾನೇ ಹೋದೆ. ಫರಸಿ ಮೇಲೆ ರೊಟ್ಟಿ ಹಂಚಿನಷ್ಟು ಕರಿ ಕಲೆ, ನಡುವೆ ಪ್ಲಾಸ್ಟಿಕ್ ಕರಗಿ ಅಂಟಿತ್ತು. ಆ ತಾಯಿ ಚಹಾ ಕೊಟ್ಟರು, ಒಂದು ಮಾತು ಆಡಲಿಲ್ಲ. ತಪ್ಪು ಪೂರ್ತಿ ನನ್ನದು.

ಅಂದಿನಿಂದ ಹಳೇ ಚಾರ್ಜರ್ ತಂದು ಕೊಡದವರಿಗೆ ನಾನು ಪ್ಯಾಕ್ ಕಟ್ಟಿಕೊಡೂದಿಲ್ಲ. ಅವರ ಎದುರಿಗೇ ಅದರ ವೈರನ್ನು ಬುಡಕ್ಕೆ ಕತ್ತರಿಸ್ತೇನೆ. ನೀವು ಮನೆಯಲ್ಲೇ ಮಾಡಿಕೊಳ್ಳುವವರಾದರೂ ಮೊದಲ ಕೆಲಸ ಅದೇ ಆಗಲಿ. ಹೊಸ ಚಾರ್ಜರ್ ಐದು ಸೆಲ್ಲಿನ ಲಿಥಿಯಂ ಪ್ಯಾಕಿನದೇ ಇರಬೇಕು, 21 ವೋಲ್ಟಿಗೆ ತಲುಪಿ ಅಲ್ಲೇ ನಿಂತು ಕರೆಂಟ್ ತಾನೇ ಇಳಿಸುವಂಥದು. 2 ಆಂಪಿನದಾದರೆ ನಿಮ್ಮ ಪ್ಯಾಕ್ ಸುಮಾರು ಮೂರು ತಾಸಿಗೆ ತುಂಬ್ತದೆ. ‘ಬೋರ್ಡ್ ಇದೆಯಲ್ಲ, ಅದೇ ಕಾಯ್ತದೆ’ ಅನ್ನಬ್ಯಾಡ್ರಿ. ಬಿಎಂಎಸ್ ಬಾವಿಯ ಕಟ್ಟೆ ಇದ್ದಂಗ. ಕಾಲು ಜಾರಿದಾಗ ತಡೀಲಿಕ್ಕೆ ಅದು, ದಿನಾ ಅದಕ್ಕೇ ಒರಗಿ ನೀರು ಸೇದಲಿಕ್ಕಲ್ಲ.

ಬಟನ್ ಒತ್ತಿದ ಕೂಡಲೇ ಬೋರ್ಡ್ ಕಡಿದರೆ ದೊಡ್ಡ ಆಂಪಿನ ಬೋರ್ಡ್ ಹಾಕ್ರಿ, ಬೋರ್ಡ್ ತೆಗೀಬ್ಯಾಡ್ರಿ. ಅಂದು ನಾನು ಮಾಡಬೇಕಿದ್ದದ್ದು ಅದನ್ನೇ.

ಖರ್ಚು ಹೇಳಿಬಿಡ್ತೇನೆ. ಒಳ್ಳೆ ಸೆಲ್, ಬೋರ್ಡ್, ಚಾರ್ಜರ್, ಕೂಲಿ ಎಲ್ಲ ಸೇರಿ ನನ್ನಲ್ಲಿ ಮೂರೂವರೆಯಿಂದ ನಾಲ್ಕು ಸಾವಿರ ಬೀಳ್ತದೆ. ಸಾದಾ ಮಷಿನ್ ಆದರೆ ಹೊಸದೇ ಅಗ್ಗ. ನಿಮ್ಮದು ಲೋಹದ ಗೇರಿನ ಮಷಿನ್ ಇದ್ದರೆ, ಕೈಗೂ ಹೊಂದಿದ್ದರೆ, ಹಾಕಿದ ದುಡ್ಡು ದಂಡವಲ್ಲ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ವಿದ್ಯಾರ್ಥಿ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು 18650 ಸೆಲ್ ಇಪ್ಪತ್ತು ಕೂಡಿಸಿದ್ದೇನೆ. ಮೀಟರಿನಲ್ಲಿ ಎಲ್ಲ 3.8 ತೋರಿಸುತ್ತವೆ. ಮಾವನ ಡ್ರಿಲ್ಲಿಗೆ ಹಾಕಿದೆ, ಖಾಲಿ ಚೆನ್ನಾಗಿ ತಿರುಗುತ್ತದೆ, ಗೋಡೆಗೆ ಒತ್ತಿದರೆ ಸಾಯುತ್ತದೆ. ಆನ್‌ಲೈನಿನಲ್ಲಿ 9800 ಎಂಎಎಚ್ ಸೆಲ್ ಅಗ್ಗಕ್ಕೆ ಇವೆ. ಅವನ್ನು ತರಿಸಲೇ?
— ಬೆಟಗೇರಿ, ಗದಗ

ಉತ್ತರ: ತಮ್ಮಾ, ಎರಡೂ ಬ್ಯಾಡ. ಲ್ಯಾಪ್‌ಟಾಪಿನ ಸೆಲ್ ನಿಧಾನಕ್ಕೆ, ಬಹಳ ಹೊತ್ತು ಕೊಡಲಿಕ್ಕೆ ಮಾಡಿದ್ದು. ಒಂದು ಸೆಲ್ಲಿಗೆ ನಾಲ್ಕೈದು ಆಂಪ್ ಅಂದರೆ ಅದರ ಶಕ್ತಿ ಮುಗೀತು. ಗೋಡೆಗೆ ಒತ್ತಿದಾಗ ಡ್ರಿಲ್ ಕೇಳೂದು ಅದರ ನಾಲ್ಕೈದು ಪಟ್ಟು. ವೋಲ್ಟ್ ಸರಿ ತೋರಿಸಿದ ಮಾತ್ರಕ್ಕೆ ಸೆಲ್ ಗಟ್ಟಿ ಅಂತಲ್ಲ. ಸಣ್ಣ ಕೊಳವೆ ಹಾಕಿದ ಟಾಕಿಯೂ ತುಂಬಿದಷ್ಟೇ ಕಾಣ್ತದೆ, ನಲ್ಲಿ ತೆರೆದಾಗಲೇ ಗೊತ್ತಾಗೂದು. ಒತ್ತಿ ಓಡಿಸುತ್ತ ಹೋದರೆ ಸೆಲ್ ಕಾದು ಬಿಸಿಯಾಗ್ತದೆ, ಮಾವನ ಕೈಯಲ್ಲೇ ಬಿಸಿಯಾಗ್ತದೆ. ಇವತ್ತೇ ತೆಗಿ. ಆ ಸೆಲ್ಲಿನಿಂದ ಎಲ್‌ಇಡಿ ದೀಪ ಮಾಡು, ಕರೆಂಟ್ ಹೋದಾಗ ಓದಲಿಕ್ಕೆ ಆಗ್ತದೆ. ಅದಕ್ಕೂ ಬೋರ್ಡ್ ಬೇಕು.

9800 ಎಂಎಎಚ್ ಅನ್ನೂದು ಶುದ್ಧ ಸುಳ್ಳು. ಹೆಸರಾಂತ ಕಂಪನಿಗಳ 18650 ಸೆಲ್ಲುಗಳಲ್ಲಿ ಹೆಚ್ಚಿನದು ಅಂದರೆ 3500ರ ಸುಮಾರು. ಡ್ರಿಲ್ಲಿಗೆ ಹೊಂದುವಂಥವು ಅದಕ್ಕಿಂತ ಕಡಿಮೆ. ಗದಗಿನಲ್ಲಿ ಅಕ್ಕಸಾಲಿಗರ ಅಂಗಡಿಗೇನು ಬರವಿಲ್ಲ. ಸೆಲ್ ತಗೊಂಡು ಹೋಗಿ ‘ಒಂದ್ಸಲ ತೂಕ ಹಾಕ್ರೀ’ ಅನ್ನು. ಒಳ್ಳೆ ಸೆಲ್ 45 ಗ್ರಾಂ ಆಸುಪಾಸು ಇರ್ತದೆ. ಇಂಥ ಒಂದು ಸುಳ್ಳು ಸೆಲ್ ನನ್ನ ಟೇಬಲ್ಲಿಗೆ ಬಂದಾಗ 29 ಗ್ರಾಂ ತೂಗಿತ್ತು. ತೂಕ ಸರಿ ಇದ್ದರೆ ಸೆಲ್ ಸಾಚಾ ಅಂತ ಖಾತ್ರಿಯಲ್ಲ. ತೂಕ ಕಡಿಮೆ ಇದ್ದರೆ ಮಾತ್ರ ಮೋಸ ಖಾತ್ರಿ.

ಪ್ರಶ್ನೆ: ನನ್ನದು 12 ವೋಲ್ಟ್ ಡ್ರಿಲ್. ಒಬ್ಬರು ಮೂರು ಲಿಥಿಯಂ ಸೆಲ್ ಸಾಕು ಅಂತಾರೆ, ಇನ್ನೊಬ್ಬರು ನಾಲ್ಕು ಹಾಕು, ಜೋರಾಗಿ ಓಡ್ತದೆ ಅಂತಾರೆ. ಯಾರ ಮಾತು ಕೇಳಲಿ?
— ವೈರಿಂಗ್ ಕೆಲಸದವರು, ಹಾವೇರಿ

ಉತ್ತರ: ಮೂರರವರ ಮಾತು ಕೇಳ್ರಿ. ನಿಮ್ಮ ಹಳೇ ಹತ್ತು ಸೆಲ್ಲಿನ ಪ್ಯಾಕ್ ತುಂಬಿದಾಗ 14 ವೋಲ್ಟ್ ಇರ್ತಿತ್ತು. ಮೂರು ಲಿಥಿಯಂ ತುಂಬಿದಾಗ 12.6, ಸ್ವಲ್ಪ ಮಂದ ಅನ್ನಿಸಬಹುದು. ನಾಲ್ಕು ಹಾಕಿದರೆ 16.8. ಜೋರಾಗಿ ಓಡೂದು ಖರೆ. ಆದರೆ ಕಾರ್ಬನ್, ಸ್ವಿಚ್, ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಎಲ್ಲ 14ಕ್ಕೆ ಮಾಡಿದವು. ಹಾಗೆ ಓಡಿಸಿ ಸ್ವಿಚ್ ಸುಟ್ಟುಕೊಂಡು ಬಂದ ಮಷಿನ್ ಬಿಚ್ಚಿದ್ದೇನೆ.

ಮೂರನೇ ದಾರಿ ಒಂದಿದೆ. ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಸೆಲ್ಲಿಗೆ 3.2 ವೋಲ್ಟ್, ತುಂಬಿದಾಗ 3.65. ನಾಲ್ಕು ಸೇರಿದರೆ 12.8, ತುಂಬಿದಾಗ 14.6, ನಿಮ್ಮ ಹಳೇ ಪ್ಯಾಕಿಗೆ ಬಹಳ ಹತ್ತಿರ. ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳೂದು, ಬಿಸಿಗೆ ಇದು ಹೆಚ್ಚು ತಾಳ್ತದೆ. ಅದೇ ಗಾತ್ರಕ್ಕೆ ತಾಕತ್ತು ಕಡಿಮೆ, ಬೇಗ ಇಳೀತದೆ. ಬೋರ್ಡು, ಚಾರ್ಜರ್ ಎರಡೂ ಫಾಸ್ಫೇಟಿನದೇ ಬೇಕು. ಮಾಮೂಲಿ ಲಿಥಿಯಂ ಚಾರ್ಜರ್ ಹಾಕಿದರೆ ಮತ್ತೆ ಫರಸಿ ಮೇಲಿನ ಕಲೆಯ ಕತೆಯೇ.

ಪ್ರಶ್ನೆ: ಬೆನ್ನಿಗೆ ಹಾಕುವ ಬ್ಯಾಟರಿ ಪಂಪಿಗೂ ಹೀಗೆ ಮಾಡಬಹುದೇನ್ರಿ? ಎಣ್ಣಿ ಹೊಡ್ಯಾಕ ಹೋದ್ರ ಭಾರಕ್ಕ ಹೆಗಲು ಹೋಗತಾವು.
— ಹತ್ತಿ ಬೆಳೆಗಾರರು, ರೋಣ

ಉತ್ತರ: ಧಾರಾಳ ಮಾಡಬಹುದು. ಡ್ರಿಲ್ಲಿನಂಗ ಪಂಪು ಒಮ್ಮೆಲೇ ಎಳೆಯೂದಿಲ್ಲ, ಒಂದೇ ಸಮನೆ ಸ್ವಲ್ಪ ಸ್ವಲ್ಪ ಕುಡೀತದೆ. ಒಳಗಿನ 12 ವೋಲ್ಟ್ 8 ಆಂಪ್-ಅವರಿನ ಸೀಸದ ಬ್ಯಾಟರಿ ಎರಡು ಕಿಲೋ ಮೇಲೆ ತೂಗ್ತದೆ. ಅದರ ಬದಲು 32700 ಅನ್ನುವ ದಪ್ಪ ಫಾಸ್ಫೇಟ್ ಸೆಲ್ ನಾಲ್ಕು ಸಾಲಾಗಿ ಹಾಕಿದರೆ ಮುಕ್ಕಾಲು ಕಿಲೋದೊಳಗೆ ಮುಗೀತದೆ. ಔಷಧ ನೀರು ತಾಗದಂತೆ ಡಬ್ಬಿ ಮುಚ್ಚಿಸಿಕೊಳ್ರಿ.

ಪ್ರಶ್ನೆ: ನಮ್ಮದು ಫೋಟೋ ಫ್ರೇಮ್ ಅಂಗಡಿ. ಯಜಮಾನರ ಹಳೇ ಡ್ರಿಲ್ಲಿಗೆ ಬೇರೆ ಕಂಪನಿಯ ಹೊಸ 18 ವೋಲ್ಟ್ ಲಿಥಿಯಂ ಬ್ಯಾಟರಿ ಕೂರುವಂತೆ ಒಂದು ಪ್ಲಾಸ್ಟಿಕ್ ಅಡಾಪ್ಟರ್ ತರಿಸಿದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಈಗ ಆ ಹೊಸ ಬ್ಯಾಟರಿ ಅದರದೇ ಚಾರ್ಜರಿನಲ್ಲೂ ಚಾರ್ಜ್ ಆಗುತ್ತಿಲ್ಲ, ಕೆಂಪು ದೀಪ ಮಿನುಗುತ್ತದೆ. ಅಡಾಪ್ಟರ್ ಹಾಳು ಮಾಡಿತೇ?
— ಧಾರವಾಡ

ಉತ್ತರ: ಅಡಾಪ್ಟರ್ ಏನೂ ಮಾಡಲಿಲ್ಲ ಅಕ್ಕಾರ, ತೊಂದರೆ ಅದೇ. ಬಹಳ ಕಂಪನಿಗಳ ಬ್ಯಾಟರಿ ಖಾಲಿಯಾಗುತ್ತ ಬಂದಾಗ ತಾನಾಗಿ ಕಡಿದುಕೊಳ್ಳೂದಿಲ್ಲ. ಪ್ಲಸ್ ಮೈನಸ್ಸಿನ ಪಕ್ಕದ ಸಣ್ಣ ಪಟ್ಟಿಯ ಮೂಲಕ ‘ಸಾಕು, ನಿಲ್ಲಿಸು’ ಅಂತ ಮಷಿನ್ನಿಗೆ ಹೇಳ್ತದೆ, ನಿಲ್ಲಿಸೂದು ಮಷಿನ್. ನಿಮ್ಮ ಹಳೇ ಮಷಿನ್ನಿಗೆ ಆ ಮಾತು ತಿಳಿಯೂದಿಲ್ಲ. ಅಡಾಪ್ಟರಿನಲ್ಲಿ ಎರಡೇ ತಗಡು ಇರ್ತವೆ, ಮೂರನೇದು ಇರೂದೇ ಇಲ್ಲ. ಬಟನ್ ಒತ್ತಿದಷ್ಟು ಹೊತ್ತು ಕೊನೇ ಹನಿಯ ತನಕ ಹೀರಿದೆ. ಕೆಲಸ ಮುಗಿದ ಮೇಲೂ ಬ್ಯಾಟರಿ ಮಷಿನ್ನಿನಲ್ಲೇ ಬಿಡ್ತಿದ್ದಿರಾ? ಹಾಗಿದ್ದರೆ ಸ್ವಿಚ್ಚಿನ ಮೂಲಕವೂ ತೊಟ್ಟು ತೊಟ್ಟು ಸೋರಿರಬಹುದು.

ಬ್ಯಾಟರಿಯ ವೋಲ್ಟ್ ನೋಡಿಸ್ರಿ. ಒಂದೊಂದು ಸೆಲ್ 2.5ರ ಸುಮಾರಿಗೆ ಇದ್ದರೆ ಗೊತ್ತಿದ್ದವರು ಸಣ್ಣ ಕರೆಂಟಿನಲ್ಲಿ ನಿಧಾನ ಎಬ್ಬಿಸಬಹುದು. 2ಕ್ಕಿಂತ ಕೆಳಗೆ ಬಹಳ ದಿನ ಇದ್ದದ್ದಾದರೆ ಬಿಟ್ಟುಬಿಡ್ರಿ. ಒಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಸೂಜಿಯಂತೆ ಬೆಳೆದು ಒಳಗೊಳಗೇ ಶಾರ್ಟ್ ಮಾಡ್ತದೆ. ಬೇರೆ ಬ್ಯಾಟರಿಯಿಂದ ವೈರ್ ಮುಟ್ಟಿಸಿ ‘ಶಾಕ್ ಕೊಟ್ಟು’ ಎಬ್ಬಿಸ್ತೇವೆ ಅನ್ನುವವರ ಕೈಗೆ ಕೊಡಬ್ಯಾಡ್ರಿ.

ಮುಂದಿನ ಬ್ಯಾಟರಿಗೆ ಅಡಾಪ್ಟರಿನ ಒಳಗೆ ಕಡಿಮೆ ವೋಲ್ಟಿಗೆ ಕಡಿಯುವ ಸಣ್ಣ ಬೋರ್ಡು ಮತ್ತು ಒಂದು ಕಾರ್ ಫ್ಯೂಸ್ ಹಾಕಿಸ್ರಿ. ಐದು ಸೆಲ್ಲಿನ ಬ್ಯಾಟರಿಗೆ 15 ವೋಲ್ಟಿನಲ್ಲಿ ಕಡಿದರೆ ಸರಿ. ಸಂಜೆ ಬಾಗಿಲು ಹಾಕುವಾಗ ಬ್ಯಾಟರಿ ಕಳಚಿ ಇಡ್ರಿ, ಆ ಬೋರ್ಡೂ ಚೂರು ಕರೆಂಟ್ ತಿಂತದೆ.

ಕಂಪನಿಗಳು ಮನಸ್ಸು ಮಾಡಿದರೆ ಇದು ಸುಲಭದ ಕೆಲಸ. ಡಿವಾಲ್ಟ್ ಕಂಪನಿ ತನ್ನ ಹಳೇ 18 ವೋಲ್ಟ್ ಮಷಿನ್ನಿಗೆ ಹೊಸ ಬ್ಯಾಟರಿ ಕೂರುವಂತೆ ತಾನೇ ಅಡಾಪ್ಟರ್ ಮಾಡಿ ಮಾರಿತು. ರಿಯೋಬಿಯವರು 1996ರಿಂದಲೂ 18 ವೋಲ್ಟ್ ಬ್ಯಾಟರಿಯ ಕೂರುವ ಆಕಾರ ಬದಲಿಸಲೇ ಇಲ್ಲ, ಹೊಸ ಲಿಥಿಯಂ ಹಳೇ ಮಷಿನ್ನಿಗೆ ಹಾಗೇ ಕೂಡ್ತದೆ. ಉಳಿದವರೂ ಹಾಗೆ ಮಾಡಿದ್ದರೆ ನನ್ನ ಅಟ್ಟ ಖಾಲಿ ಇರ್ತಿತ್ತು.

ಪ್ರಶ್ನೆ: ತೆಗೆದ ಹಳೇ ಸೆಲ್ ಏನು ಮಾಡಬೇಕು? ತಿಪ್ಪೆಗೆ ಹಾಕಬಹುದೇ?
— ಲಕ್ಷ್ಮೇಶ್ವರ

ಉತ್ತರ: ಬ್ಯಾಡ್ರಿ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗ್ತದೆ. ಕ್ಯಾಡ್ಮಿಯಂ ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ನಮ್ಮ ಮೂತ್ರಪಿಂಡಕ್ಕೆ ಬಂದು ಅಲ್ಲೇ ವರ್ಷಗಟ್ಟಲೆ ಕೂಡ್ತದೆ. ಸುಡೂದಂತೂ ಬ್ಯಾಡೇ ಬ್ಯಾಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಕೂಡಿಸುವ ಹೊಣೆ ತಯಾರಿಸಿದವರದು, ಬೇರೆ ಕಸದಲ್ಲಿ ಬೆರೆಸದೆ ಕೊಡುವ ಹೊಣೆ ನಮ್ಮದು. ಎರಡೂ ತುದಿಗೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡ್ರಿ.

ಪ್ರಶ್ನೆ: ಸತ್ತ ಪ್ಯಾಕನ್ನು ಬಸ್ ಪಾರ್ಸಲ್ಲಿಗೆ ಹಾಕಿ ನಿಮ್ಮ ಅಂಗಡಿಗೆ ಕಳಿಸಲೇ?
— ಬ್ಯಾಡಗಿ

ಉತ್ತರ: ಲಿಥಿಯಂ ಪ್ಯಾಕ್ ಆಗಿದ್ದರೆ ಪಾರ್ಸಲ್ಲಿಗೆ ಹಾಕಬ್ಯಾಡ್ರಿ, ನೂರು ಜನ ಕೂತ ಬಸ್ ಅದು. ಹುಬ್ಬಳ್ಳಿಗೆ ಸಂತೆ-ಆಸ್ಪತ್ರೆಗೆ ಬಂದಾಗ ಕೈಯಲ್ಲೇ ತರ್ರಿ. ಮಷಿನ್ನನ್ನೂ ತರ್ರಿ, ಕಾರ್ಬನ್ ನೋಡಿಯೇ ಬಿಡೋಣ. ಹಳೇ ಚಾರ್ಜರ್ ಮನೇಲಿ ಬಿಟ್ಟು ಬಂದರೆ ಮಾತ್ರ ಚಹಾ ಕುಡಿಸಿ ವಾಪಸ್ ಕಳಿಸ್ತೇನೆ.